ಗುಂಡಿ ದಾರಿಯ ಹೊರೆಗಲ್ಲು

ಚಿಕ್ಕಮಾರಯ್ಯ ಎರಡನೆಯ ಮುದ್ದೆಗೆ ಕೈ ಹಾಕಿದ ಮೇಲೆ ವಿಷಯ ತೆಗೆದ. ಮೊದಲ ಮುದ್ದೆ ಮುಗಿಯುವ ಮುಂಚೆ ಬಾಯಿ ಬಿಟ್ಟರೆ ಸೊಸೆ ಸೌಟು ಎಸೆದು ಎದ್ದುಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು.

"ಪಂಚಾಯ್ತೀಲಿ ತೀರ್ಮಾನ ಆಯ್ತು. ಮಕ್ಕಳ ನೆನಪಿಗೆ ರೋಡ್ ಪಕ್ಕ ಒಂದು ಕಟ್ಟೆ ಕಟ್ಟಿಸ್ತೀವಿ. ಮೇಲೊಂದು ಬಿಳಿ ಕಲ್ಲು. ತಾಲ್ಲೂಕಿನ ಅಮಲ್ದಾರ್ರೇ ಬಂದು ಪರದೆ ಎಳೀತಾರೆ."

ಒಲೆಯ ಮುಂದೆ ಕೂತಿದ್ದ ಅಂಜಿನಮ್ಮ ತಿರುಗದೆ ಕೇಳಿದಳು, "ಇಟ್ಟಿಗೆ ಯಾರದು ಮಾವ?"

"ಏನಂದೆ?"

"ಕಟ್ಟೆ ಅಂದ್ರಲ್ಲ. ಇಟ್ಟಿಗೆ ಯಾರು ಕೊಡೋದು?"

ಪಕ್ಕದಲ್ಲಿ ಕೂತಿದ್ದ ಮಗ ಹನುಮಯ್ಯ ತಟ್ಟೆಗೆ ಮುಖ ಹಾಕಿದ. ಮುದುಕ ಉಪ್ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, "ನರಸಿಂಹಯ್ಯ ಕೊಡ್ತಾನೆ. ಪುಕ್ಕಟೆ. ಅವನಿಗೂ ಹೊಟ್ಟೆ ಉರೀತೈತೆ ಕಣಮ್ಮ" ಎಂದ.

"ನನ್ ಮಗನ್ನ ಮುಳುಗಿಸಿದ ಗುಂಡಿ ಮಣ್ಣನ್ನೇ ಸುಟ್ಟು, ನನ್ ಮಗನಿಗೇ ಕಟ್ಟೆ ಕಟ್ಟಿಸ್ತಾನಾ? ನೀವು ಹೂಂ ಅಂದ್ಬಿಟ್ಟು ಬಂದ್ರಾ?"

"ಮೆತ್ತಗೆ ಮಾತಾಡು. ಬೀದಿಗೆ ಕೇಳ್ತೈತೆ."

"ಕೇಳ್ಲಿ. ಇಟ್ಟಿಗೆ ಗೂಡಿಗೆ ಮತ್ತೆ ಬೆಂಕಿ ಹಾಕೋದು ಯಾವತ್ತು, ಅದನ್ನೂ ಯೋಳ್ಬಿಡಿ."

ಚಿಕ್ಕಮಾರಯ್ಯ ಮುದ್ದೆ ಮುರಿದುಕೊಂಡ. ಅದನ್ನು ಅವನು ಹೇಳಬೇಕಾಗಿರಲಿಲ್ಲ. ಕಟ್ಟೆ ಮುಗಿದು ಒಂದು ಶನಿವಾರ ಪೂಜೆ ಆಯಿತೆಂದರೆ, ಮಕ್ಕಳು ಸತ್ತಾಗಿನಿಂದ ನಿಂತಿದ್ದ ಮಣ್ಣಿನ ಗಾಡಿಗಳು ಸೋಮವಾರವೇ ಗುಂಡಿಗೆ ಇಳಿಯುತ್ತವೆಂದು ಊರಿಗೆಲ್ಲ ಗೊತ್ತಿತ್ತು.

ಕೆಂಪಾಪುರದ ಆಚೆ ಬಳ್ಳಾರಿ ರಸ್ತೆಗೆ ತಾಗಿದ ಒಂದೂವರೆ ಎಕರೆ ಈ ಮನೆಯದು. ಮೂರು ವರ್ಷದ ಹಿಂದೆ ಮುದುಕ ಅದನ್ನು ಇಟ್ಟಿಗೆ ಗೂಡಿನ ನರಸಿಂಹಯ್ಯನಿಗೆ ಮಣ್ಣು ತೆಗೆಯಲು ಗುತ್ತಿಗೆಗೆ ಕೊಟ್ಟಿದ್ದ. ಒಂದಾಳುದ್ದ ತೆಗೆಯುವ ಮಾತಾಗಿತ್ತು, ಮೂರಾಳುದ್ದ ತೆಗೆದರು. ಬೇಲಿ ಹಾಕುವ ಮಾತಾಗಿತ್ತು, ಒಂದು ಮುಳ್ಳುಕಂಟಿಯನ್ನೂ ಎಳೆಯಲಿಲ್ಲ. ಮೂರು ತಿಂಗಳ ಹಿಂದೆ, ಸಾವಿರದ ಒಂಬೈನೂರ ಐವತ್ತೆಂಟರ ಕಾರ್ತಿಕದಲ್ಲಿ, ಮಳೆ ಹಿಡಿದು ಗುಂಡಿ ತುಂಬಿತು. ಸ್ಕೂಲು ಬಿಟ್ಟು ಅಂಚಿನ ಕಾಲುದಾರಿಯಲ್ಲಿ ಬರುತ್ತಿದ್ದ ನಾಲ್ಕು ಮಕ್ಕಳ ಕಾಲಡಿಯಲ್ಲಿ ದಡ ಕುಸಿಯಿತು. ಅಂಜಿನಮ್ಮನ ಮಗ ಪಿಳ್ಳಣ್ಣ, ಒಂಬತ್ತು ವರ್ಷ. ಗೋಪಾಲಮ್ಮನ ಇಬ್ಬರು ಹೆಣ್ಣುಮಕ್ಕಳು. ಗಾಡಿ ಹೊಡೆಯುವ ಖಾದರ್ ಬಾಷಾನ ಒಬ್ಬನೇ ಮಗ. ಪೊಲೀಸರು ಬಂದು ಬರೆದುಕೊಂಡು ಹೋದರು. ಮಳೆ ದೇವರ ಕೆಲಸ ಎಂದು ಬರೆದು ಕಡತ ಮುಚ್ಚಿದರು. ಮೂರಾಳುದ್ದದ ಗುಂಡಿಯನ್ನೂ ದೇವರೇ ಗುದ್ದಲಿ ಹಿಡಿದು ಅಗೆದನೇ ಎಂದು ಕೇಳುವ ಗಂಡಸು ಆ ಊರಿನಲ್ಲಿರಲಿಲ್ಲ.

ಹನ್ನೊಂದನೆಯ ದಿನ ನರಸಿಂಹಯ್ಯ ಎರಡು ಗಾಡಿ ಇಟ್ಟಿಗೆಯನ್ನು ಈ ಮನೆಯ ಮುಂದೆ ಇಳಿಸಿದ್ದ. ಸಮಾಧಾನಕ್ಕೆ ಅಂತೆ. ಮುದುಕ ಅದರಲ್ಲಿ ಹಿತ್ತಲಿನಲ್ಲಿ ಬಚ್ಚಲು ಕಟ್ಟಿಸಿದ. ಅಂಜಿನಮ್ಮ ಇವತ್ತಿನವರೆಗೆ ಅದರೊಳಗೆ ಕಾಲಿಟ್ಟಿಲ್ಲ. ಕೊಟ್ಟಿಗೆಯ ಮಗ್ಗುಲಲ್ಲಿ ತಡಿಕೆ ಕಟ್ಟಿಕೊಂಡು ಅದರ ಹಿಂದೆ ತಣ್ಣೀರು ಸುರಿದುಕೊಳ್ಳುತ್ತಾಳೆ.

ಅಂಜಿನಮ್ಮ ಮತ್ತು ಗೋಪಾಲಮ್ಮ ದಿನಾ ನಾಲ್ಕು ಗಂಟೆಗೆದ್ದು ಸೊಪ್ಪಿನ ಮಂಕರಿ ಹೊತ್ತು ಮಾರ್ಕೆಟ್ಟಿಗೆ ನಡೆಯುವವರು. ಮೊದಲು ಹೆಬ್ಬಾಳದ ಹತ್ತಿರ ಒಂದು ಹೊರೆಗಲ್ಲಿತ್ತು. ಎರಡು ನಿಲುಗಲ್ಲು, ಮೇಲೊಂದು ಅಡ್ಡ ಚಪ್ಪಡಿ. ಬಸುರಿಯಾಗಿ ಸತ್ತ ಯಾರೋ ಹೆಂಗಸಿನ ಹೆಸರಿನಲ್ಲಿ ಅವಳ ಮನೆಯವರು ಹಾಕಿಸಿದ್ದು. ಅವಳು ಇಳಿಸಲಾಗದೆ ಹೋದ ಹೊರೆ, ದಾರಿಯಲ್ಲಿ ಹೋಗುವವರ ಹೊರೆ ಇಳಿದಾಗಲೆಲ್ಲ ಒಂದಿಷ್ಟು ಹಗುರಾಗುತ್ತದೆ ಎಂಬುದು ನಂಬಿಕೆ. ರಸ್ತೆ ಅಗಲ ಮಾಡುವಾಗ ಅದನ್ನು ಕಿತ್ತು ಮೋರಿಗೆ ಹಾಕಿದರು. ಈಗ ಹೆಂಗಸರು ಮಂಕರಿ ಇಳಿಸಬೇಕೆಂದರೆ ದಾರಿಹೋಕರ ಕೈಕಾಲು ಹಿಡಿಯಬೇಕು.

ಕಟ್ಟೆಯ ಸುದ್ದಿ ಕೇಳಿದ ಮಾರನೆಯ ದಿನ ನಡೆಯುತ್ತ ಗೋಪಾಲಮ್ಮ ಬೈದಳು. "ಕಟ್ಟೆ ಅಂತೆ ಕಟ್ಟೆ. ಗಂಡಸ್ರು ಕೂತು ಬೀಡಿ ಸೇದೋಕೆ ಆಯ್ತದೆ. ಕತ್ತು ಮುರೀತೈತೆ ನಂಗೆ, ಇಳ್ಸೋಕೆ ಒಂದು ಕಲ್ಲಿಲ್ಲ."

ಅಂಜಿನಮ್ಮ ಹೆಜ್ಜೆ ಬಿರುಸು ಮಾಡಿದಳು. ಮನೆಗೆ ಬಂದು ಮಂಕರಿ ಎಸೆದವಳೇ ಅತ್ತೆಯ ಮುಂದೆ ನಿಂತಳು. ಮುನಿಗಂಗಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅತ್ತೆ, ಕಟ್ಟೆ ಬ್ಯಾಡ. ಹೊರೆಗಲ್ಲು ಹಾಕ್ಸಿ ಅಂತ ಮಾವಂಗೆ ಯೋಳಿ."

"ಥೂ, ತಲೆ ಕೆಟ್ಟೈತಾ? ಹೊರೆಗಲ್ಲು ಬಸುರಿ ಸತ್ರೆ ಹಾಕ್ಸೋದು. ಮಕ್ಕಳಿಗೆ ಯಾರು ಹಾಕ್ಸವ್ರೆ?"

"ಮಕ್ಕಳಿಗಲ್ಲ, ನಮಗೆ. ಹೊತ್ಕೊಂಡು ತಿರುಗ್ತಿರೋರು ನಾವು. ಒಂಬತ್ತು ತಿಂಗಳು ಹೊತ್ತು ಇಳಿಸ್ದೆ ಅಂದ್ಕೊಂಡಿದ್ದೆ. ಈಗ ಮತ್ತೆ ತಲೆ ಮೇಲೆ ಕೂತವ್ನೆ, ಇಳಿಯಾಕಿಲ್ಲ."

"ಇಲ್ಲದ ಪದ್ಧತಿ ಹುಟ್ಟಾಕ್ಬ್ಯಾಡ."

"ಗುಂಡಿ ತೋಡೋ ಪದ್ಧತಿ ಇತ್ತಾ ನಿಮ್ಮ ಕಾಲ್ದಾಗೆ? ಅದನ್ನ ಹುಟ್ಟಾಕ್ಬೋದು, ಇದನ್ನ ಹುಟ್ಟಾಕ್ಬಾರ್ದು. ಚೆನ್ನಾಗೈತೆ."

ಮುನಿಗಂಗಮ್ಮ ಸಿಪ್ಪೆಯನ್ನು ಎಮ್ಮೆಯ ಮುಂದೆ ಎಸೆದು ಒಳಗೆ ಹೋದಳು. ಅವಳು ಗಂಡನಿಗೆ ಹೇಳಿದಳೋ ಇಲ್ಲವೋ, ಅಂತೂ ವಾರ ಕಳೆದ ಮೇಲೆ ಚಿಕ್ಕಮಾರಯ್ಯ ಮುಖ ಅರಳಿಸಿಕೊಂಡು ಬಂದ.

"ನಿನ್ನ ಮಾತೇ ನಡೀತಮ್ಮ. ಹೊರೆಗಲ್ಲೇ ಹಾಕಿಸ್ತೀವಿ. ಸಂತೋಷಾನಾ?"

ಅಂಜಿನಮ್ಮನಿಗೆ ನಂಬಿಕೆ ಬರಲಿಲ್ಲ. ಆದರೂ ಅವತ್ತು ಮಾವನಿಗೆ ಮಜ್ಜಿಗೆಗೆ ಒಗ್ಗರಣೆ ಹಾಕಿಕೊಟ್ಟಳು. ಮೂರು ತಿಂಗಳಿಂದ ಹಾಕಿರಲಿಲ್ಲ.

ಕೆಲಸ ಇಪ್ಪತ್ತು ದಿನ ನಡೆಯಿತು. ಗುಂಡಿಯ ಹತ್ತಿರವಲ್ಲ. ಪಂಚಾಯ್ತಿ ಕಟ್ಟಡದ ಮುಂದೆ, ಬಸ್ಸು ನಿಲ್ಲುವ ಕಡೆ. ಹೆಂಗಸರು ಹೋಗುವುದು ಕತ್ತಲಲ್ಲಿ, ಬರುವುದು ಗಂಗಾನಗರದ ಒಳದಾರಿಯಲ್ಲಿ. ಹಾಗಾಗಿ ಅವರು ಅದನ್ನು ನೋಡಿದ್ದು ಮುಗಿಯುವ ಹೊತ್ತಿಗೆ. ಅಂಜಿನಮ್ಮ ಮಂಕರಿಯ ಸಮೇತ ಅದರ ಮುಂದೆ ನಿಂತಳು. ಕೆಂಪು ಇಟ್ಟಿಗೆಯ ಕಟ್ಟೆ. ಮೂರು ಮೆಟ್ಟಿಲು. ಅದರ ಮೇಲೆ ಆಳೆತ್ತರದ ಎರಡು ಕಂಬ, ನೆತ್ತಿಯ ಮೇಲೆ ಚಪ್ಪಡಿ. ಕಂಬಕ್ಕೆ ಬಿಳಿ ಕಲ್ಲು ಕೂರಿಸುತ್ತಿದ್ದ ಕಲ್ಲುಕುಟಿಗ ವೆಂಕಟರಾಮಯ್ಯ ಇವಳನ್ನು ನೋಡಿ ಕೆಲಸ ನಿಲ್ಲಿಸಿದ.

"ಇದರ ಮ್ಯಾಲೆ ಹೊರೆ ಎಂಗಪ್ಪಾ ಇಳ್ಸೋದು? ಏಣಿ ಹಾಕ್ಕಂಡಾ?"

"ನಾನು ಯೋಳ್ದೆ ಕಣಮ್ಮ. ಹೆಂಗಸ್ರ ಹುಬ್ಬಿನ ಮಟ್ಟ ಇರ್ಬೇಕು, ಮಂಕರಿ ಜಾರಿಸ್ಬೇಕು, ಎತ್ತಂಗಿರ್ಬಾರ್ದು ಅಂತ. ನಿಮ್ಮ ಮಾವ ಕೈ ಮೇಲೆತ್ತಿ, 'ಇಷ್ಟಿರ್ಲಿ, ಬಸ್ಸಿಂದ ಕಾಣ್ಬೇಕು' ಅಂದ್ರು."

ಆ ಮನೆಯ ಗಂಡಸರು ಹುಟ್ಟಿದಾಗಿನಿಂದ ತಲೆಯ ಮೇಲೆ ಒಂದು ಸೌದೆ ಕಡ್ಡಿ ಹೊತ್ತವರಲ್ಲ. ಅವರಿಗೆ ಗಾಡಿಯಿದೆ, ಎತ್ತಿದೆ, ಹೆಂಡತಿಯಿದ್ದಾಳೆ. ಹೊರೆಗಲ್ಲಿನ ಅಳತೆ ಅವರಿಗೇನು ಗೊತ್ತು.

"ಏನು ಕೆತ್ತಿದ್ದೀಯ, ಓದು."

"ಮಕ್ಕಳ ಸ್ಮಾರಕ. ದಾನಿಗಳು ನರಸಿಂಹಯ್ಯನವರು. ಪಂಚಾಯ್ತಿ ಸದಸ್ಯರಾದ ಚಿಕ್ಕಮಾರಯ್ಯನವರು. ಅಮಲ್ದಾರರ ಅಮೃತಹಸ್ತದಿಂದ..."

"ಮಕ್ಕಳ ಹೆಸರು?"

"ಕೊಟ್ಟಿಲ್ಲ ಕಣಮ್ಮ."

"ಅಪ್ಪ ಅಮ್ಮಂದು?"

ವೆಂಕಟರಾಮಯ್ಯ ಉಳಿಯನ್ನು ಪಂಚೆಗೆ ಒರೆಸಿದ.

ಅವತ್ತು ಮಧ್ಯಾಹ್ನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆಗಳಿಗೆ ಚೀಟಿ ಬರೆಯುವ ಹನುಮಯ್ಯ ಪಾಳಿ ಮುಗಿಸಿ ಹಸಿದು ಬಂದ.

"ಏನ್ಲೇ, ಅಡಿಗೆ ಇಲ್ವಾ?"

"ನಿಮ್ಮಪ್ಪ ಕಟ್ಟೆ ಕಟ್ಟವ್ರಲ್ಲ, ಅಲ್ಲಿ ಓಗಿ ಉಣ್ಣಿ."

"ದೊಡ್ಡೋರು ಮಾಡಿದ್ದಕ್ಕೆ ನಾನೇನ್ ಮಾಡ್ಲಿ? ಆದದ್ದಾಯ್ತು. ಹೊಟ್ಟೆಗೆ ಹಾಕ್ಕೋ."

"ಹೊಟ್ಟೇಲಿ ಜಾಗ ಇಲ್ಲ. ಗುತ್ತಿಗೆ ಕಾಗದಕ್ಕೆ ಸಾಕ್ಷಿ ಹಾಕ್ದೋರು ಯಾರು? ಬೇಲಿ ಇಲ್ಲ ಅಂತ ಗೊತ್ತಿದ್ದೂ ಮಗನ್ನ ಅದೇ ದಾರೀಲಿ ಸ್ಕೂಲಿಗೆ ಕಳ್ಸಿದ್ದು ಯಾರು?"

"ನೀನೂ ಕಳ್ಸಿದ್ದೆ!"

"ಹೂಂ, ನಾನೂ ಕಳ್ಸಿದ್ದೆ! ಅದಕ್ಕೇ ಕೂಗ್ತಾ ಇವ್ನಿ. ನೀವು ಯಾಕೆ ಕೂಗ್ತಿಲ್ಲ?"

ಹನುಮಯ್ಯ ಚೆಂಬನ್ನು ಗೋಡೆಗೆ ಬೀಸಿ ಒಗೆದ. ಅದು ಸೊಟ್ಟಗಾಗಿ ಅಂಗಳಕ್ಕೆ ಉರುಳಿತು. ಆಮೇಲೆ ತಾನೇ ಎತ್ತಿಕೊಂಡು ಬಂದು ನೀರು ತುಂಬಿ ಗಟಗಟ ಕುಡಿದು ಕೂತುಬಿಟ್ಟ. ಬಾಯಿ ಒರೆಸಿಕೊಂಡು ಕೇಳಿದ.

"ಏನ್ ಮಾಡ್ಬೇಕು ಅಂತೀಯ?"

"ಸೋಮ್ವಾರ ಗಾಡಿ ಇಳೀಬಾರ್ದು. ಅಷ್ಟೆ."

ಶನಿವಾರದ ಪೂಜೆಗೆ ಮೂರು ಮನೆಯ ತಂದೆತಾಯಿಯರಲ್ಲಿ ಒಬ್ಬರೂ ಹೋಗಲಿಲ್ಲ. ಮುನಿಗಂಗಮ್ಮನನ್ನು ಮಾತ್ರ ಗಂಡ ಗದರಿಸಿ, ಜರಿ ಸೀರೆ ಉಡಿಸಿ ಕರೆದುಕೊಂಡು ಹೋದ. ಸಾಯಂಕಾಲ ಬಂದವಳು ಸೀರೆ ಬದಲಿಸದೆ ಸೊಸೆಯ ಪಕ್ಕ ಬಂದು ಕೂತಳು. ಅಂಜಿನಮ್ಮ ನಾಳೆಯ ಸೊಪ್ಪಿನ ಕಂತೆ ಕಟ್ಟುತ್ತಿದ್ದಳು.

"ಅಮಲ್ದಾರ್ರು ಕೇಳಿದ್ರು, ಎಷ್ಟು ಮಕ್ಕಳು ಅಂತ."

ಅಂಜಿನಮ್ಮ ಬಾಳೆನಾರು ಬಿಗಿದಳು.

"ನರಸಿಂಹಯ್ಯ, 'ಮೂರೋ ನಾಲ್ಕೋ ಸ್ವಾಮಿ' ಅಂದ. ಕಾಪಿ ಲೋಟ ಕೈಲಿತ್ತು. ನಿನ್ ಮಾವ ಪಕ್ಕದಾಗೇ ನಿಂತಿದ್ದ. ಹಲ್ಲು ಬಿಟ್ಕಂಡು."

"ನೀವ್ ಏನಂದ್ರಿ?"

"ನಾನು ಹೆಂಗಸ್ರ ಕಡೆ ಕೂತಿದ್ದೆ." ಮುನಿಗಂಗಮ್ಮ ಎದ್ದಳು. ಜರಿ ಸೀರೆ ಬಿಚ್ಚಿ ಪೆಟ್ಟಿಗೆಯಲ್ಲಿಡದೆ ಮೂಲೆಗೆ ಒಗೆದಳು.

ಭಾನುವಾರ ಅಂಜಿನಮ್ಮ ವೆಂಕಟರಾಮಯ್ಯ ಕಲ್ಲು ಒಡೆಯುವ ಬಂಡೆಯ ಹತ್ತಿರ ಹೋದಳು. ಜೊತೆಗೆ ಗೋಪಾಲಮ್ಮ, ಖಾದರ್ ಬಾಷಾ. ಬಿರುಕು ಬಿಟ್ಟಿದ್ದಕ್ಕೆ ಬೇಡವೆಂದು ಬಿಸಾಕಿದ್ದ ಮೂರು ಕಲ್ಲು ಅಲ್ಲಿ ಬಿದ್ದಿದ್ದವು.

"ತಗೊಂಡೋಗಿ. ಯಾರೂ ಕೇಳಾಕಿಲ್ಲ" ಎಂದ ವೆಂಕಟರಾಮಯ್ಯ. "ಎಲ್ಲಿ ನಿಲ್ಲಿಸ್ತೀರಿ?"

"ಗುಂಡಿಗೆ ಗಾಡಿ ಇಳಿಯೋ ದಾರೀಲಿ, ನಾವು ಮಾರ್ಕೆಟ್ಟಿಗೆ ನಡೆಯೋ ರೋಡಿಗೆ ತಾಗೋ ಕಡೆ. ನಟ್ಟನಡುವೆ."

ವೆಂಕಟರಾಮಯ್ಯ ಅವಳ ಮುಖ ನೋಡಿದ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಅಳತೆಯ ದಾರ ತೆಗೆದು, "ನೆಟ್ಟಗೆ ನಿಂತ್ಕೋ ತಾಯಿ" ಎಂದು ಅವಳ ಹಿಮ್ಮಡಿಯಿಂದ ಹುಬ್ಬಿನವರೆಗೆ ಅಳೆದು ಗಂಟು ಹಾಕಿದ.

ಖಾದರ್ ಬಾಷಾ ಕಲ್ಲು ಸವರುತ್ತ ಕೇಳಿದ, "ನಮ್ಮ ಹುಡುಗನ್ನೂ ಸೇರಿಸ್ಕಂಡೇ ತಾನೇ ಅಕ್ಕಾ? ನಮ್ಮೋರ ಪದ್ಧತಿ ಬೇರೆ ಅಂತ ಯಾರಾನಾ ಅಂದಾರು."

"ಗುಂಡಿ ಕೇಳಿತ್ತೇನಣ್ಣ, ನೀನು ಯಾವ ಪದ್ಧತಿ ಅಂತ?"

ಬಾಷಾ ಗಾಡಿಯನ್ನು ಹಿಂದಕ್ಕೆ ನೂಕಿ ಕಲ್ಲಿನ ಹತ್ತಿರ ತಂದ.

ಸೋಮವಾರ ಬೆಳಗಿನ ಬೆಳಕು ಹರಿಯುವಾಗ ಅಗೆತ ಶುರುವಾಯಿತು. ಹೆಂಗಸರು ಗುದ್ದಲಿ ಹಿಡಿದರು. ಬಾಷಾ ಹಾರೆ ಹಾಕಿದ. ಮೊದಲ ನಿಲುಗಲ್ಲು ಎತ್ತುವಾಗ ಮೂವರಿಗೆ ಆಗಲಿಲ್ಲ. ಕಲ್ಲು ವಾಲಿ ಗೋಪಾಲಮ್ಮನ ಕಾಲ ಮೇಲೆ ಬೀಳುವುದರಲ್ಲಿತ್ತು. ಹಿಂದಿನಿಂದ ಯಾರೋ ಹೆಗಲು ಕೊಟ್ಟರು. ಹನುಮಯ್ಯ. ಶೆಡ್ಡಿಗೆ ಹೋಗುವ ಬಟ್ಟೆಯಲ್ಲೇ ಬಂದಿದ್ದ.

"ಕೆಲಸಕ್ಕೆ ತಡ ಆಗಾಕಿಲ್ವಾ?" ಎಂದಳು ಅಂಜಿನಮ್ಮ.

"ಬಾಯ್ಮುಚ್ಚಿ ಆ ಕಡೆ ಹಿಡಿ" ಎಂದ ಅವನು.

ಎರಡು ಕಲ್ಲು ನಿಂತವು. ಚಪ್ಪಡಿ ಕೂತಿತು. ಅಂಜಿನಮ್ಮನ ಹುಬ್ಬಿನ ಮಟ್ಟ. ಗಾಡಿ ಹೋಗುವ ದಾರಿಗೆ ಸರಿಯಾಗಿ ಅಡ್ಡ. ಎರಡು ಪಕ್ಕದಲ್ಲೂ ದಿಬ್ಬ, ಸುತ್ತಿಕೊಂಡು ಹೋಗಲು ಎಡೆಯಿಲ್ಲ. ನಾಲ್ವರೂ ಬೆವರು ಒರೆಸಿಕೊಳ್ಳುತ್ತಿರುವಾಗ ಗೋಪಾಲಮ್ಮ ತಲೆಗೆ ಕೈ ಹೊಡೆದುಕೊಂಡಳು.

"ಅಯ್ಯೋ ಅಕ್ಕಾ, ಮೊದಲ ಹೊರೆ?"

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಹೊರೆ ಬಿದ್ದ ಮೇಲೆ ಮಾತ್ರ ಅದು ಹೊರೆಗಲ್ಲು. ಅಲ್ಲಿಂದ ಮುಂದೆ ಅದನ್ನು ಕಿತ್ತರೆ ಸತ್ತವರ ಹೊರೆ ಕಿತ್ತವನ ಮನೆ ಸೇರುತ್ತದೆ ಎಂದು ಆ ಸೀಮೆಯಲ್ಲಿ ಯಾರೂ ಕೈ ಹಚ್ಚುವುದಿಲ್ಲ. ಹೆಬ್ಬಾಳದ್ದನ್ನು ಕೀಳಲು ಪರಸ್ಥಳದ ಕೂಲಿಗಳನ್ನು ತರಿಸಬೇಕಾಗಿತ್ತು. ಆದರೆ ಹೊರೆ ಬೀಳುವವರೆಗೆ ಅದು ಬರೀ ಕಲ್ಲು. ಕಲ್ಲು ಹಾಕಿದವರೇ ಮೊದಲ ಹೊರೆ ಇಳಿಸುವಂತಿಲ್ಲ, ದಾರಿಯಲ್ಲಿ ಬರುವ ಬೇರೆಯವರು ಇಳಿಸಬೇಕು. ಸೊಪ್ಪಿನ ಹೆಂಗಸರೆಲ್ಲ ನಾಲ್ಕಕ್ಕೇ ಮಾರ್ಕೆಟ್ಟಿಗೆ ಹೋಗಿಯಾಗಿತ್ತು. ಬರುವಾಗ ಖಾಲಿ ಮಂಕರಿ. ಇನ್ನು ತುಂಬಿದ ಮಂಕರಿ ಈ ದಾರಿಗೆ ಬರುವುದು ನಾಳೆ.

"ಗಾಡಿಗಳು ಬಂದ್ವು" ಎಂದ ಬಾಷಾ.

ಐದು ಗಾಡಿ ಸಾಲಾಗಿ ಬಂದು ಕಲ್ಲಿನ ಮುಂದೆ ನಿಂತವು. ಮುಂದಿನ ಗಾಡಿಯಿಂದ ನರಸಿಂಹಯ್ಯ ಇಳಿದ. ಅವನ ಹಿಂದೆ ಪೂಜೆಯ ದಿನದ ಶಲ್ಯವನ್ನು ಹೆಗಲ ಮೇಲೆ ಹಾಕಿಕೊಂಡ ಚಿಕ್ಕಮಾರಯ್ಯ.

"ಏನ್ರೀ ಇದು ಮಾರಯ್ಯ? ಗುತ್ತಿಗೆ ಇನ್ನೂ ಎರಡು ವರ್ಷ ಐತೆ. ದಾರಿಗೆ ಕಲ್ಲು ಹಾಕ್ಸಿದ್ದೀರಿ?"

"ನಾನು ಹಾಕ್ಸಿಲ್ಲ ಸ್ವಾಮಿ." ಮುದುಕನ ಮುಖ ಕೆಂಪಾಯಿತು. "ಲೋ ಹನುಮ! ನೀನೂ ಸೇರ್ಕಂಡಾ? ಹೆಂಡ್ತಿ ಸೆರಗು ಹಿಡ್ಕಂಡು ಅಪ್ಪನ ಮಾನ ಕಳೀತೀಯಾ? ಕೀಳೋ ಅದನ್ನ!"

"ಕೀಳಾಕಿಲ್ಲ."

"ಏನಂದೆ?"

"ಕೀಳಾಕಿಲ್ಲ ಅಂದೆ. ಗುತ್ತಿಗೆಗೆ ಸಾಕ್ಷಿ ಹಾಕಿದ್ದು ಈ ಕೈಯೇ. ಬೇಲಿ ಹಾಕ್ತೀನಿ ಅಂತ ಈ ನರಸಿಂಹಯ್ಯ ಯೋಳಿದ್ದಕ್ಕೂ ನಾನೇ ಸಾಕ್ಷಿ. ಕೋರ್ಟಿಗೆ ಕರೀಲಿ, ಬತ್ತೀನಿ."

ನರಸಿಂಹಯ್ಯ ಗಾಡಿಯವರ ಕಡೆ ತಿರುಗಿ, "ಏನ್ ನೋಡ್ತಿದ್ದೀರಿ? ಇಳೀರಿ, ತೆಗೀರಿ ಅದನ್ನ" ಎಂದ. ಗಾಡಿಯವರು ಇಳಿದರು. ಹತ್ತಿರ ಬಂದರು. ಅವರಲ್ಲೊಬ್ಬ, "ಹೊರೆ ಬಿದ್ದೈತಾ?" ಎಂದು ಕೇಳಿದ.

ಅಂಜಿನಮ್ಮ ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಗೋಪಾಲಮ್ಮ ನೆಲ ನೋಡಿದಳು. ಚಿಕ್ಕಮಾರಯ್ಯನಿಗೆ ಅಷ್ಟು ಸಾಕಾಯಿತು.

"ಬಿದ್ದಿಲ್ಲ! ಬೀಳೋದ್ರೊಳಗೆ ಕಿತ್ತಾಕ್ಬೇಕು. ನೀವು ಬ್ಯಾಡ, ನಾನೇ ಕೀಳ್ತೀನಿ. ನನ್ನ ಹೊಲ, ನನ್ನ ದಾರಿ." ಬಾಷಾನ ಹಾರೆ ಕಿತ್ತುಕೊಂಡು ಶಲ್ಯ ಒಗೆದು ನಿಲುಗಲ್ಲಿನ ಬುಡಕ್ಕೆ ಹಾಕಿ ಮೀಟಿದ. ಅಂಜಿನಮ್ಮ ಕಲ್ಲನ್ನು ತಬ್ಬಿಕೊಂಡಳು. "ಮೀಟಿ ಮಾವ, ನನ್ನೂ ಸೇರಿಸಿ ಮೀಟಿ. ಮೊಮ್ಮಗನ್ನ ತಿಂದಾಯ್ತು, ಇನ್ನು ಸೊಸೆ ಯಾವ ಲೆಕ್ಕ?" ಹನುಮಯ್ಯ ಅಪ್ಪನ ರಟ್ಟೆ ಹಿಡಿದ. ಹಸಿ ಮಣ್ಣು ಬಿರುಕು ಬಿಟ್ಟಿತು.

"ದಾರಿ ಬಿಡ್ರೋ."

ಗಾಡಿಗಳ ಹಿಂದಿನಿಂದ ದನಿ ಬಂತು. ಮುನಿಗಂಗಮ್ಮ. ಅರವತ್ತು ದಾಟಿದ ಮುದುಕಿ. ಹತ್ತು ವರ್ಷದಿಂದ ತಲೆಯ ಮೇಲೆ ಹೊರೆ ಹೊತ್ತವಳಲ್ಲ. ಈಗ ತಿಪ್ಪೆಗೊಬ್ಬರ ತುಂಬಿದ ಮಂಕರಿ ಹೊತ್ತು ಬರುತ್ತಿದ್ದಳು. ಕತ್ತಿನ ನರ ಉಬ್ಬಿತ್ತು, ಗೊಬ್ಬರದ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಎತ್ತುಗಳು ಪಕ್ಕಕ್ಕೆ ಸರಿದವು, ಗಾಡಿಯವರೂ ಸರಿದರು. ಅವಳು ನೆಟ್ಟಗೆ ಕಲ್ಲಿನ ಮುಂದೆ ಬಂದು, ಮಂಡಿ ಒಂದಿಷ್ಟು ಬಗ್ಗಿಸಿ, ತಲೆ ಓರೆ ಮಾಡಿದಳು. ಮಂಕರಿ ತಾನಾಗಿ ಜಾರಿ ಚಪ್ಪಡಿಯ ಮೇಲೆ ಕೂತಿತು. ಯಾರ ಕೈಯೂ ಬೇಕಾಗಲಿಲ್ಲ.

ಸಿಂಬೆ ತೆಗೆದು ಕೊಡವಿ, ಉಸಿರು ಹಿಡಿದುಕೊಂಡು ಗಂಡನನ್ನು ನೋಡಿದಳು.

"ಕೀಳು."

ಚಿಕ್ಕಮಾರಯ್ಯನ ಕೈ ಹಾರೆಯ ಮೇಲೇ ಇತ್ತು.

"ನಾಲ್ಕು ಮಕ್ಕಳು. ಮೂರಲ್ಲ. ಎಣಿಸ್ಕಂಡು ಕೀಳು."

"ಗಂಗಮ್ಮಾ, ಜನ ನೋಡ್ತಾವ್ರೆ..."

"ನೋಡ್ಲಿ ಅಂತಾನೇ ಹೊತ್ಕಂಡು ಬಂದೆ."

ನರಸಿಂಹಯ್ಯ ಗಾಡಿಯವರನ್ನು ಅಮ್ಮ ಅಕ್ಕ ಸೇರಿಸಿ ಬೈದ. ಕೂಲಿ ಎರಡರಷ್ಟು ಕೊಡುತ್ತೇನೆಂದ. ಹೊರೆ ಬಿದ್ದಿದೆಯೇ ಎಂದು ಕೇಳಿದ್ದ ಗಾಡಿಯವನು ಹೋಗಿ ಎತ್ತಿನ ಮೂಗುದಾರ ಹಿಡಿದು ಹಿಂದಕ್ಕೆ ತಿರುಗಿಸಿದ. ಕಿರಿದಾದ ದಾರಿ. ಹಿಂದಿನ ನಾಲ್ಕು ಗಾಡಿಗಳೂ ಒಂದೊಂದಾಗಿ ತಿರುಗಲೇಬೇಕಾಯಿತು.

ಚಿಕ್ಕಮಾರಯ್ಯ ಹಾರೆಯನ್ನು ನೆಲಕ್ಕೆ ಬಿಟ್ಟ. ಏನಾದರೂ ಹೇಳಿ ಮುಖ ಉಳಿಸಿಕೊಳ್ಳಬೇಕೆಂದು ಮಂಕರಿಯ ಕಡೆ ಕೈ ತೋರಿಸಿದ.

"ಈ ಗೊಬ್ಬರ ಯಾಕೆ ತಂದೆ? ಹಾಕೋಕೆ ಹೊಲ ಎಲ್ಲೈತೆ ಇಲ್ಲಿ?"

"ಗುಂಡಿ ಮುಚ್ಚಿಸು. ಮುಚ್ಚಿಸಿದ ದಿನ ಇಳಿಸ್ಕಂಡು ಚೆಲ್ತೀನಿ" ಎಂದಳು ಮುನಿಗಂಗಮ್ಮ. "ಅಲ್ಲೀಗಂಟ ಇದು ಇಲ್ಲೇ ಇರ್ತೈತೆ."